ತಲೆನೋವಿಗೆ ಸಾಕ್ಷಿ ಯಾರು?

ತೊಂದರೆ ಕೊಡುವ ಮನುಷ್ಯನನ್ನು ಕುರಿತು “ಅವನೊಂದು ದೊಡ್ಡ ತಲೆನೋವು” ಎನ್ನುವುದು ನಮ್ಮಲ್ಲಿ ರೂಢಿ. “ಅವನೊಂದು ಮೊಣಕಾಲು ನೋವು” ಎಂದು ಯಾರೂ ಅಂದದ್ದನ್ನು ನಾನು ಕೇಳಿಲ್ಲ. ಕಛೇರಿಗೆ ಹೋಗಲು ಮನಸ್ಸಿಲ್ಲದಾಗ, ಬೇಡದ ನೆಂಟರ ಮನೆಯ ಊಟ ತಪ್ಪಿಸಿಕೊಳ್ಳಬೇಕಾದಾಗ, ಎಲ್ಲರಿಗೂ ಮೊದಲು ನೆನಪಾಗುವುದು ತಲೆನೋವೇ. ಜ್ವರವೆಂದರೆ ಮೈ ಮುಟ್ಟಿ ನೋಡುತ್ತಾರೆ. ಹೊಟ್ಟೆನೋವೆಂದರೆ ಹೋಳಿಗೆ ಬಿಡಬೇಕಾಗುತ್ತದೆ. ತಲೆನೋವಿಗಾದರೋ ಸಾಕ್ಷಿ ಬೇಕಿಲ್ಲ. ಬೇಕೆಂದರೆ ಸಿಕ್ಕುವುದೂ ಇಲ್ಲ. ಇದರಿಂದ ಸುಳ್ಳು ಹೇಳುವವನಿಗೆ ಎಷ್ಟು ಅನುಕೂಲವೋ, ನಿಜವಾಗಿ ನರಳುವವನಿಗೆ ಅಷ್ಟೇ ಅನ್ಯಾಯ.

ನಮ್ಮ ತಾಯಿಗೆ ಅರೆತಲೆನೋವಿತ್ತು. ತಿಂಗಳಲ್ಲಿ ಎರಡು ಮೂರು ಸಲ ಅವರು ಹಾಡುಹಗಲಿನಲ್ಲೇ ಉಗ್ರಾಣದ ಬಾಗಿಲು ಮುಚ್ಚಿಕೊಂಡು, ತಲೆಗೆ ಬಟ್ಟೆಯನ್ನು ಬಿಗಿದು ಕಟ್ಟಿ, ಗೋಡೆಯ ಕಡೆ ಮುಖಮಾಡಿ ಮಲಗಿಬಿಡುತ್ತಿದ್ದರು. ಒಗ್ಗರಣೆಯ ವಾಸನೆ ಬಂದರೆ ವಾಂತಿ. ನಾವು ಹುಡುಗರು ಜಗಲಿಯಲ್ಲಿ ಕೂಗಾಡಿದರೆ ಒಳಗಿನಿಂದ ಒಂದು ನರಳಾಟ. ಒಣಶುಂಠಿಯನ್ನು ತೇದು ಹಣೆಗೆ ಪಟ್ಟು ಹಾಕುವುದಾಯಿತು. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವುದಾಯಿತು. ಅಮೃತಾಂಜನವಂತೂ ತಲೆದಿಂಬಿನ ಕೆಳಗೆ ಸದಾ ಇರುತ್ತಿತ್ತು. (ಕಾಶೀನಾಥುನಿ ನಾಗೇಶ್ವರರಾಯರು 1893ರಲ್ಲಿ ಮುಂಬಯಿಯಲ್ಲಿ ಅದನ್ನು ತಯಾರಿಸತೊಡಗಿದಾಗ ಸಂಗೀತ ಕಛೇರಿಗಳಲ್ಲಿ ಪುಕ್ಕಟೆಯಾಗಿ ಹಂಚಿ ಪ್ರಚಾರ ಮಾಡಿದರಂತೆ. ಗಿರಾಕಿಗಳು ಎಲ್ಲಿ ಸಿಕ್ಕುತ್ತಾರೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.) ಮನೆಯಲ್ಲಿದ್ದ ನಮ್ಮ ಸೋದರತ್ತೆ ಮಾತ್ರ ಬೇರೆಯೇ ರೋಗನಿರ್ಣಯ ಮಾಡಿದ್ದರು. “ಹಬ್ಬ ಹತ್ತಿರ ಬಂದರೆ ಸಾಕು, ಅತ್ತಿಗೆಗೆ ತಲೆನೋವೂ ಬಂದುಬಿಡುತ್ತೆ” ಎಂದು ಅವರು ಅಡಿಗೆಮನೆಯಿಂದ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಹತ್ತು ವರ್ಷದವನಾಗಿದ್ದ ನಾನೂ ನಗುತ್ತಿದ್ದೆ.

ಅದನ್ನು ನಾನು ಮರೆತೇಬಿಟ್ಟಿದ್ದೆ. ಮೂರು ವರ್ಷದ ಹಿಂದೆ ಬಚ್ಚಲುಮನೆಯಲ್ಲಿ ಕಾಲು ಜಾರಿ, ಬಾಗಿಲ ಚೌಕಟ್ಟಿಗೆ ತಲೆ ಬಡಿಯಿತು. ಕ್ಷಣಕಾಲ ಕಣ್ಣು ಕತ್ತಲೆಗೂಡಿದ್ದು ಬಿಟ್ಟರೆ ರಕ್ತವಿಲ್ಲ, ಗಾಯವಿಲ್ಲ. ಆಸ್ಪತ್ರೆಯಲ್ಲಿ ಸ್ಕ್ಯಾನ್ ತೆಗೆದು “ಏನೂ ಇಲ್ಲ, ಆರಾಮವಾಗಿರಿ” ಎಂದು ಕಳಿಸಿದರು. ಆರಾಮವಾಗಿರಲು ಮುಂದಿನ ನಾಲ್ಕು ತಿಂಗಳು ಸಾಧ್ಯವಾಗಲಿಲ್ಲ. ಪತ್ರಿಕೆಯ ಒಂದು ಅಂಕಣ ಓದುವಷ್ಟರಲ್ಲಿ ಕಣ್ಣಿನ ಹಿಂದೆ ಯಾರೋ ಹಗ್ಗ ಬಿಗಿದಂತೆ ನೋವು. ಪಾತ್ರೆ ಸದ್ದಾದರೆ ರೇಗುವುದು. ಮೂವತ್ತು ವರ್ಷದ ಪರಿಚಯಸ್ಥರ ಹೆಸರು ನಾಲಗೆಗೆ ಬಾರದಿರುವುದು. ಮಗ ಒಂದು ದಿನ ಸಮಾಧಾನಕ್ಕೆಂದೇ ಹೇಳಿದ: “ಸ್ಕ್ಯಾನಿನಲ್ಲಿ ಏನೂ ಇಲ್ಲವಲ್ಲಪ್ಪ.” ಅವನ ಮಾತಿನಲ್ಲಿ ಕುಹಕವಿರಲಿಲ್ಲ. ಆದರೂ ನನಗೆ ಕೇಳಿಸಿದ್ದು ಅರವತ್ತು ವರ್ಷದ ಹಿಂದಿನ ಅಡಿಗೆಮನೆಯ ದನಿ.

ಓದುವುದು ಸಾಧ್ಯವಾದ ಮೇಲೆ, ದಿನಕ್ಕೆ ಅರ್ಧ ಗಂಟೆಯ ಮೇರೆಗೆ, ತಲೆನೋವಿನ ಚರಿತ್ರೆಯನ್ನು ಓದತೊಡಗಿದೆ. ಇದು ಬರಿಯ ಔಷಧಗಳ ಚರಿತ್ರೆಯೆಂದು ಭಾವಿಸಿದ್ದೆ. ನೋಡಿದರೆ ಇದರಲ್ಲಿ ಬಹುಪಾಲು ನಂಬಿಕೆಯ ಚರಿತ್ರೆ: ಯಾರ ನೋವನ್ನು ಯಾರು ಯಾವಾಗ ನಂಬಿದರು ಎಂಬ ಕಥೆ.

ಹಳೆಯ ವೈದ್ಯರು ನಂಬಿದ್ದರೆಂಬುದೇ ಮೊದಲ ಆಶ್ಚರ್ಯ. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಹನ್ನೊಂದು ಬಗೆಯ ಶಿರೋರೋಗಗಳ ಎಣಿಕೆಯಿದೆ. ಅವುಗಳಲ್ಲಿ ಸೂರ್ಯಾವರ್ತವೆಂಬುದು ಸೂರ್ಯನೊಡನೆ ಏರಿ ಸೂರ್ಯನೊಡನೆ ಇಳಿಯುವ ನೋವು. ಅರ್ಧಾವಭೇದಕವೆಂಬುದು ತಲೆಯ ಅರ್ಧವನ್ನು ಸೀಳುವ ನೋವು. ಅದು ಹತ್ತು ದಿನಕ್ಕೋ ಪಕ್ಷಕ್ಕೋ ಒಮ್ಮೆ, ಅಥವಾ ಯಾವ ಮುನ್ಸೂಚನೆಯೂ ಇಲ್ಲದೆ ಬರುತ್ತದೆಂದು ಹೇಳಿದೆ. ನಮ್ಮ ಹೆಂಗಸರ ಬಾಯಲ್ಲಿರುವ ಅರೆತಲೆನೋವೆಂಬ ಮಾತಿನ ಅರ್ಥವೂ ಅದೇ. ಗ್ರೀಕರ ಕಡೆ, ಸುಮಾರು ಹದಿನೆಂಟು ಶತಮಾನಗಳ ಹಿಂದೆ, ಕಪ್ಪಡೋಸಿಯದ ಅರೆಟಿಯಸ್ ಎಂಬ ವೈದ್ಯನೂ ಅರ್ಧ ತಲೆಯ ನೋವನ್ನು ಬೇರೆ ಮಾಡಿ ವರ್ಣಿಸಿದ. ಈ ರೋಗಿಗಳು ಬೆಳಕಿನಿಂದ ಓಡುತ್ತಾರೆ, ಕತ್ತಲೆಯಲ್ಲಿ ಅವರಿಗೆ ಹಿತ, ಬದುಕೇ ಬೇಸರವೆನ್ನುತ್ತಾರೆ ಎಂದು ಅವನು ಬರೆದದ್ದನ್ನು ಓದುವಾಗ ನನಗೆ ಉಗ್ರಾಣದ ಬಾಗಿಲು ಕಂಡಂತಾಯಿತು. ಗ್ಯಾಲೆನ್ ಬಳಸಿದ ಹೆಮಿಕ್ರೇನಿಯ, ಅಂದರೆ ಅರೆತಲೆಬುರುಡೆ, ಎಂಬ ಪದವೇ ಫ್ರೆಂಚರ ಬಾಯಲ್ಲಿ ಸವೆದು ಮೈಗ್ರೇನ್ ಆಯಿತು. ಶಿಲಾಯುಗದ ತಲೆಬುರುಡೆಗಳಲ್ಲಿ ಕಾಣುವ ದುಂಡನೆಯ ರಂಧ್ರಗಳನ್ನೂ ತಲೆನೋವಿನ ಲೆಕ್ಕಕ್ಕೆ ಬರೆಯುವವರುಂಟು. ಅನೇಕ ಬುರುಡೆಗಳಲ್ಲಿ ಅಂಚು ಮಾಗಿರುವುದರಿಂದ ಆ ಜನ ಬದುಕಿ ಉಳಿದರೆಂಬುದು ನಿಜ. ಆದರೆ ಏಕೆ ಕೊರೆಸಿಕೊಂಡರೆಂದು ಬುರುಡೆ ಹೇಳುವುದಿಲ್ಲ.

ಈ ಚರಿತ್ರೆಯಲ್ಲಿ ನನ್ನನ್ನು ಬಹಳ ದಿನ ಹಿಡಿದು ನಿಲ್ಲಿಸಿದ್ದು ಒಬ್ಬ ಹೆಂಗಸಿನ ಕಥೆ. ಆನ್ ಕಾನ್ವೇ ಹುಟ್ಟಿದ್ದು 1631ರಲ್ಲಿ, ಲಂಡನ್ನಿನಲ್ಲಿ. ತಂದೆ ಹೆನೇಜ್ ಫಿಂಚ್ ಪಾರ್ಲಿಮೆಂಟಿನ ಸಭಾಧ್ಯಕ್ಷನಾಗಿದ್ದವನು. ಮಗಳು ಹುಟ್ಟುವ ಮೊದಲೇ ತೀರಿಕೊಂಡ. ಹನ್ನೆರಡು ವರ್ಷ ದಾಟಿದಾಗ ಒಂದು ಜ್ವರ ಬಂತು. ಅದರ ಬೆನ್ನಿಗೆ ಬಂದ ತಲೆನೋವು ಸಾಯುವ ತನಕ ಬಿಡಲಿಲ್ಲ. ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾನಿಲಯ ಮುಚ್ಚಿದ್ದ ಕಾಲ. ಕೇಂಬ್ರಿಜ್ಜಿನ ತತ್ತ್ವಜ್ಞಾನಿ ಹೆನ್ರಿ ಮೋರ್ ಆಕೆಗೆ ಪತ್ರಗಳ ಮೂಲಕವೇ ಪಾಠ ಹೇಳಿದ. 1651ರಲ್ಲಿ ಎಡ್ವರ್ಡ್ ಕಾನ್ವೇಯೊಡನೆ ಮದುವೆಯಾಯಿತು. ಹಣಕ್ಕೆ ಕೊರತೆಯಿರಲಿಲ್ಲವಾದ್ದರಿಂದ ಆ ಕಾಲದ ಚಿಕಿತ್ಸೆಗಳೆಲ್ಲ ಆಕೆಯ ತಲೆಯ ಮೇಲೆ ಪ್ರಯೋಗವಾದವು. ರಕ್ತಪರಿಚಲನೆಯನ್ನು ಕಂಡುಹಿಡಿದ ವಿಲಿಯಂ ಹಾರ್ವೆಯೇ ಬಂದು ನೋಡಿದ. ಪಾದರಸ ತಿನ್ನಿಸಿದ್ದಾಯಿತು. 1656ರಲ್ಲಿ ತಲೆಬುರುಡೆಯನ್ನು ಕೊರೆಸಿಕೊಳ್ಳಲು ಸಿದ್ಧಳಾಗಿ ಆಕೆ ಫ್ರಾನ್ಸಿಗೆ ಹೋದಳು! ಇಪ್ಪತ್ತೈದರ ಹರಯದ ಹೆಣ್ಣು, ಅರಿವಳಿಕೆಯೆಂಬುದೇ ಇಲ್ಲದ ಕಾಲ, ನೋವು ಎಷ್ಟಿದ್ದಿರಬೇಕು? ಅಲ್ಲಿಯ ಶಸ್ತ್ರವೈದ್ಯರಿಗೆ ಆಕೆಗಿದ್ದ ಧೈರ್ಯ ಇರಲಿಲ್ಲ. ರಕ್ತನಾಳಗಳನ್ನು ಕುಯ್ದು ರಕ್ತ ಬಿಟ್ಟು ಕಳಿಸಿದರು.

1660ರಲ್ಲಿ ಒಬ್ಬನೇ ಮಗ ಸಿಡುಬಿನಿಂದ ಎರಡು ವರ್ಷದ ಕೂಸಾಗಿದ್ದಾಗಲೇ ಸತ್ತ. 1666ರಲ್ಲಿ ಗಂಡ ಐರ್ಲೆಂಡಿನಿಂದ ವ್ಯಾಲೆಂಟೈನ್ ಗ್ರೇಟ್ರೇಕ್ಸ್ ಎಂಬವನನ್ನು ಕರೆಸಿದ. ಮೈ ನೀವಿ ರೋಗ ವಾಸಿಮಾಡುವನೆಂದು ಅವನಿಗೆ ಹೆಸರಿತ್ತು. ಸುತ್ತಮುತ್ತಲ ಹಳ್ಳಿಗಳಿಂದ ಜನ ರ‍್ಯಾಗ್ಲಿಯ ಆ ಬಂಗಲೆಗೆ ನೆರೆದರು. ಎಷ್ಟೋ ಮಂದಿ ಗುಣವಾಯಿತೆಂದು ಹೋದರು. ಯಾರಿಗಾಗಿ ಅವನು ಬಂದಿದ್ದನೋ ಆಕೆಯ ನೋವು ಮಾತ್ರ ಇದ್ದ ಹಾಗೆಯೇ ಇತ್ತು. ನಮ್ಮ ಮನೆಯ ಉಪ್ಪು ಮೆಣಸಿನಕಾಯಿಗೂ ಅದಕ್ಕೂ ವ್ಯತ್ಯಾಸ ಗಾಡಿಬಾಡಿಗೆಯಲ್ಲಿ ಮಾತ್ರ.

ಆಕೆಯನ್ನು ನೋಡಿದ ವೈದ್ಯರಲ್ಲಿ ಥಾಮಸ್ ವಿಲ್ಲಿಸ್ ಒಬ್ಬ. ನರಶಾಸ್ತ್ರಕ್ಕೆ ಇಂಗ್ಲಿಷಿನಲ್ಲಿ ಇಂದಿರುವ ಹೆಸರನ್ನು ಕೊಟ್ಟವನೇ ಅವನು. 1672ರ ತನ್ನ ಗ್ರಂಥದಲ್ಲಿ, ಹೆಸರು ಹೇಳದೆ, ಆಕೆಯ ರೋಗವನ್ನು ವಿವರವಾಗಿ ಬರೆದಿದ್ದಾನೆ. ನೋವು ಹುಟ್ಟುವುದು ಮಿದುಳಿನಲ್ಲಲ್ಲ, ಅದನ್ನು ಸುತ್ತಿದ ಪೊರೆಗಳಲ್ಲಿ, ಅಲ್ಲಿಯ ರಕ್ತನಾಳಗಳು ಉಬ್ಬುವುದರಿಂದ, ಎಂಬ ಅವನ ಊಹೆ ಆ ಕಾಲಕ್ಕೆ ದೊಡ್ಡದೇ. ಆದರೆ ಅದೇ ವಿವರಣೆಯಲ್ಲಿ ಇನ್ನೊಂದು ಮಾತನ್ನೂ ಸೇರಿಸಿದ್ದಾನೆ. ಹೆಣ್ಣಿಗೆ ಮೀರಿದ ವಿದ್ಯೆ ಬುದ್ಧಿಗಳನ್ನು ಈಕೆಗೆ ಕೊಟ್ಟದ್ದು ಅತಿಯಾಯಿತೆಂದು ಪ್ರಕೃತಿಯೇ ಈ ದಂಡ ವಿಧಿಸಿತೋ ಎಂಬಂತಿದೆ ಅವನ ಭಾವ. ವಿಲ್ಲಿಸ್ ನೋವನ್ನು ನಂಬಿದ. ಆದರೆ ಅದಕ್ಕೆ ಅವಳ ಓದಿನಲ್ಲೊಂದು ಕಾರಣ ಹುಡುಕದಿರಲು ಅವನಿಂದಲೂ ಆಗಲಿಲ್ಲ. ನಮ್ಮ ಸೋದರತ್ತೆಗೆ ಇಷ್ಟು ದೊಡ್ಡ ಮೇಳ ಸಿಕ್ಕುತ್ತದೆಂದು ನಾನು ಎಣಿಸಿರಲಿಲ್ಲ.

ಕೊನೆಯ ವರ್ಷಗಳಲ್ಲಿ ಆಕೆ ಕ್ವೇಕರ್ ಪಂಥಕ್ಕೆ ಸೇರಿದಳು. ಆಗ ಆ ಪಂಥದವರನ್ನು ಸರಕಾರ ಸೆರೆಮನೆಗೆ ತಳ್ಳುತ್ತಿತ್ತು. ಹೆನ್ರಿ ಮೋರನಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. ಆಕೆ ಅವನಿಗೆ ಬರೆದ ಸಮಾಧಾನ ಇದು: ನನ್ನ ಕೋಣೆಯಲ್ಲಿ ಬೇರೆ ಯಾರ ಇರವನ್ನೂ ನಾನು ತಾಳಲಾರೆ, ಇವರು ಸದ್ದಿಲ್ಲದ ಜನ, ತಾವೂ ಕಷ್ಟಪಟ್ಟವರು, ಇವರು ಹತ್ತಿರವಿದ್ದರೆ ನನಗೆ ನೆಮ್ಮದಿ. ಧರ್ಮಾಂತರಕ್ಕೆ ಇಂಥ ಕಾರಣವನ್ನು ನಾನು ಬೇರೆಲ್ಲೂ ಓದಿಲ್ಲ. 1679ರ ಫೆಬ್ರುವರಿಯಲ್ಲಿ ತೀರಿಕೊಂಡಳು. ಪೆನ್ಸಿಲಿನಲ್ಲಿ ಸಣ್ಣ ಅಕ್ಷರಗಳಲ್ಲಿ ಬರೆದಿಟ್ಟಿದ್ದ ಆಕೆಯ ತತ್ತ್ವಗ್ರಂಥ 1690ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ, ಲ್ಯಾಟಿನ್ನಿನಲ್ಲಿ, ಆಕೆಯ ಹೆಸರೇ ಇಲ್ಲದೆ ಅಚ್ಚಾಯಿತು. ಲೈಬ್ನಿಟ್ಸ್ ಅದನ್ನು ಮೆಚ್ಚಿದವರಲ್ಲಿ ಒಬ್ಬ. ದೇಹ ಬೇರೆ, ಆತ್ಮ ಬೇರೆ, ಒಂದಕ್ಕೊಂದು ಸಂಬಂಧವಿಲ್ಲದ ಎರಡು ವಸ್ತುಗಳು ಎಂಬ ಡೆಕಾರ್ಟನ ವಾದವನ್ನು ಆಕೆ ಅದರಲ್ಲಿ ಖಂಡಿಸುತ್ತಾಳೆ. ಹಾಗಿದ್ದರೆ ದೇಹ ನೊಂದಾಗ ಆತ್ಮವೇಕೆ ಇಷ್ಟು ಸಂಕಟಪಡಬೇಕು ಎಂಬುದು ಆಕೆಯ ಪ್ರಶ್ನೆ. ತರ್ಕದ ಮಾತಾಗಿ ಅದನ್ನು ಯಾರೂ ಕೇಳಬಹುದು. ಮೂವತ್ತೈದು ವರ್ಷ ಕತ್ತಲೆಯ ಕೋಣೆಯಲ್ಲಿ ಮಲಗಿದ್ದವಳು ಕೇಳಿದಾಗ ಅದರ ತೂಕ ಬೇರೆ.

ತಲೆನೋವಿಗೆ ಕಣ್ಣಿಗೆ ಕಾಣುವ ಸಾಕ್ಷಿಯೊಂದು ಸಿಕ್ಕಿದ್ದು ಇದಾದ ಇನ್ನೂರು ವರ್ಷಕ್ಕೆ, ಅದೂ ಒಬ್ಬ ಜ್ಯೋತಿರ್ವಿಜ್ಞಾನಿಯ ಮನೆಯಲ್ಲಿ. ಜಾರ್ಜ್ ಏರಿ ಇಂಗ್ಲೆಂಡಿನ ರಾಜ ಖಗೋಳಜ್ಞ. ಅವನ ಕಣ್ಣೆದುರಿಗೆ ಒಮ್ಮೊಮ್ಮೆ ಮಿನುಗುವ ಅಂಕುಡೊಂಕು ಗೆರೆಯೊಂದು ಮೂಡಿ, ಬೆಳೆದು, ಅರ್ಧ ಗಂಟೆಯಲ್ಲಿ ಮಾಯವಾಗುತ್ತಿತ್ತು. ಅವನ ಮಗ ವೈದ್ಯ ಹ್ಯೂಬರ್ಟ್ ಏರಿಗೂ ಅದು ಕಾಣುತ್ತಿತ್ತು. ಹ್ಯೂಬರ್ಟ್ ಅದನ್ನು ನಿಮಿಷ ನಿಮಿಷಕ್ಕೂ ಹೇಗೆ ಬೆಳೆಯಿತೆಂದು ಬಣ್ಣದಲ್ಲಿ ಬರೆದು 1870ರಲ್ಲಿ ಪ್ರಕಟಿಸಿದ. ಮೇಲಿನಿಂದ ನೋಡಿದ ಕೋಟೆಯ ಕೊತ್ತಲಗಳ ನಕ್ಷೆಯಂತಿರುವುದರಿಂದ ಕೋಟೆಗೋಡೆಯ ಕಾಣ್ಕೆ ಎಂಬರ್ಥದ ಗ್ರೀಕ್ ಹೆಸರನ್ನೂ ಕೊಟ್ಟ. 1941ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ಲ್ಯಾಷ್ಲಿ ತನ್ನ ಕಣ್ಣಿಗೇ ಕಂಡ ಇಂಥ ಚಿತ್ರವನ್ನು ಕಾಗದದ ಮೇಲೆ ಗುರುತಿಸುತ್ತ ಹೋಗಿ, ಇದನ್ನು ಉಂಟುಮಾಡುವುದೇನೇ ಇರಲಿ, ಅದು ಮಿದುಳಿನ ಮೇಲ್ಪದರದಲ್ಲಿ ನಿಮಿಷಕ್ಕೆ ಸುಮಾರು 3 ಮಿಲಿಮೀಟರಿನಂತೆ ತೆವಳುತ್ತಿರಬೇಕೆಂದು ಲೆಕ್ಕ ಹಾಕಿದ. 1944ರಲ್ಲಿ ಬ್ರೆಜಿಲಿನ ಲಿಯಾವ್ ಎಂಬ ತರುಣ ಹಾರ್ವರ್ಡಿನಲ್ಲಿ ಮೊಲಗಳ ಮಿದುಳನ್ನು ಪರೀಕ್ಷಿಸುವಾಗ, ಹೆಚ್ಚುಕಡಿಮೆ ಅದೇ ವೇಗದಲ್ಲಿ ಹರಡುವ ಒಂದು ವಿದ್ಯುತ್ ಸ್ತಬ್ಧತೆಯನ್ನು ಕಂಡ. ಎರಡು ವೇಗಗಳೂ ತಾಳೆಯಾಗುತ್ತವೆಂದು 1958ರಲ್ಲಿ ಪೀಟರ್ ಮಿಲ್ನರ್ ತೋರಿಸಿದ. ಒಬ್ಬನ ಕಣ್ಣೆದುರಿನ ಭ್ರಮೆಯೆಂದು ತಳ್ಳಿಹಾಕಬಹುದಾಗಿದ್ದ ಚಿತ್ರಕ್ಕೆ ಕೊನೆಗೂ ಅಳತೆ ಸಿಕ್ಕಿತು.

ಇನ್ನು ನನ್ನ ಪಾಲಿನ ನೋವು, ಪೆಟ್ಟಿನ ತರುವಾಯ ಉಳಿಯುವ ನೋವು. ಅದರ ಕಥೆ ನ್ಯಾಯಾಲಯದ ಕಟ್ಟೆ ಹತ್ತಿದ್ದು ರೈಲಿನಿಂದ. 1865ರ ಜೂನ್ 9ರಂದು ಕೆಂಟ್ ಪ್ರಾಂತದ ಸ್ಟೇಪಲ್‌ಹರ್ಸ್ಟ್‌ನಲ್ಲಿ ರೈಲು ಹಳಿ ತಪ್ಪಿ ಹತ್ತು ಮಂದಿ ಸತ್ತರು. ಅದರಲ್ಲಿ ಚಾರ್ಲ್ಸ್ ಡಿಕನ್ಸ್ ಇದ್ದ. ಅವನಿಗೆ ಗಾಯವಾಗಲಿಲ್ಲ, ಗಾಯಾಳುಗಳಿಗೆ ನೀರು ಕೊಟ್ಟ, ಗಾಡಿಯೊಳಕ್ಕೆ ಮತ್ತೆ ಹತ್ತಿ ತನ್ನ ಕಾದಂಬರಿಯ ಹಸ್ತಪ್ರತಿಯನ್ನೂ ತಂದುಕೊಂಡ. ಆಮೇಲೆ ದನಿ ಅಡಗಿತು, ರೈಲು ಹತ್ತಿದರೆ ನಡುಕ. ಐದು ವರ್ಷಕ್ಕೆ ಸರಿಯಾಗಿ, ಅದೇ ಜೂನ್ 9ರಂದು, ತೀರಿಕೊಂಡ. ಇಂಥ ಪ್ರಯಾಣಿಕರು ಸಾವಿರಾರು ಜನ ಇದ್ದರು: ಮೂಳೆ ಮುರಿದಿಲ್ಲ, ಆದರೆ ತಲೆನೋವು, ಮರೆವು, ನಿದ್ರೆಗೇಡು. 1866ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಎರಿಕ್ಸನ್, ಇದು ಅಲುಗಾಟದಿಂದ ನರವ್ಯೂಹಕ್ಕಾದ ನಿಜವಾದ ಕೇಡು ಎಂದು ಪುಸ್ತಕ ಬರೆದ. ವಕೀಲರು ಅದನ್ನು ಹಿಡಿದುಕೊಂಡು ಪರಿಹಾರ ಕೇಳಿದರು. 1883ರಲ್ಲಿ ಹರ್ಬರ್ಟ್ ಪೇಜ್ ಎಂಬ ಶಸ್ತ್ರವೈದ್ಯ ಇನ್ನೊಂದು ಪುಸ್ತಕ ಬರೆದು, ಇದೆಲ್ಲ ಬಹುಮಟ್ಟಿಗೆ ಹೆದರಿಕೆಯ ಫಲವೆಂದ. ಈತ ರೈಲ್ವೆ ಕಂಪೆನಿಯೊಂದರ ವೈದ್ಯನಾಗಿದ್ದನೆಂಬುದನ್ನು ಇಲ್ಲಿ ಹೇಳದಿದ್ದರೆ ತಪ್ಪಾದೀತು. ಆದರೆ ಭಯವೂ ದೇಹವನ್ನು ಕೆಡಿಸಬಲ್ಲದೆಂಬ ಅವನ ಮಾತು ಪೂರ್ತಿ ಸುಳ್ಳೂ ಅಲ್ಲ.

ಈ ವ್ಯಾಜ್ಯ ನೂರು ವರ್ಷ ನಡೆಯಿತು. ಮೊದಲ ಮಹಾಯುದ್ಧದಲ್ಲಿ ಶೆಲ್ಲುಗಳ ಸ್ಫೋಟದಿಂದ ಅದುರಿದ ಸೈನಿಕರ ಬಗ್ಗೆ ಮೈಯರ್ಸ್ 1915ರಲ್ಲಿ ಬರೆದಾಗಲೂ ಅದೇ ಪ್ರಶ್ನೆ: ಪೆಟ್ಟೋ, ಪುಕ್ಕಲುತನವೋ? 1961ರಲ್ಲಿ ಬ್ರಿಟನ್ನಿನ ಹೆನ್ರಿ ಮಿಲ್ಲರ್, ಇಂಥ ರೋಗಿಗಳ ಗೋಳು ಪೆಟ್ಟು ಸಣ್ಣದಾದಷ್ಟೂ ದೊಡ್ಡದು, ಪರಿಹಾರದ ಹಣ ಕೈಗೆ ಬಂದ ಮೇಲೆ ವಾಸಿಯಾಗುತ್ತದೆ ಎಂದು ಸಾರಿದ. ಅದರ ಮರುವರ್ಷವೇ ಚಾರ್ಲ್ಸ್ ಸಿಮಂಡ್ಸ್, ಎಷ್ಟೇ ಸಣ್ಣದಾದರೂ ಮಿದುಳು ಅಲುಗಿದ ಪೆಟ್ಟು ಪೂರ್ತಿಯಾಗಿ ಅಳಿಸಿಹೋಗುವುದೇ ಎಂಬುದು ಸಂದೇಹ ಎಂದ. 1980ರ ದಶಕದಲ್ಲಿ ದಾವೆ ಮುಗಿದವರನ್ನು ಹಿಂಬಾಲಿಸಿ ನೋಡಿದಾಗ, ಹಣ ಬಂದ ಮೇಲೂ ಅನೇಕರ ನೋವು ಹೋಗಿರಲಿಲ್ಲ. ನನಗಂತೂ ಬಚ್ಚಲುಮನೆಯ ಮೇಲೆ ಯಾವ ದಾವೆಯೂ ಇರಲಿಲ್ಲ!

ಈಗ ತಿಳಿದಿರುವುದು ಹೀಗೆ. ತಲೆಗೆ ಪೆಟ್ಟು ಬಿದ್ದು ಮಿದುಳು ಅಲುಗಿದಾಗ ನರತಂತುಗಳು ಜಗ್ಗುತ್ತವೆ. ಜೀವಕೋಶಗಳಿಂದ ಪೊಟ್ಯಾಸಿಯಂ ಹೊರಕ್ಕೂ ಕ್ಯಾಲ್ಸಿಯಂ ಒಳಕ್ಕೂ ನುಗ್ಗುತ್ತದೆ. ಅದನ್ನು ಸರಿಪಡಿಸಲು ಕೋಶಗಳಿಗೆ ಹೆಚ್ಚು ಶಕ್ತಿ ಬೇಕು. ಅದೇ ಹೊತ್ತಿಗೆ ರಕ್ತದ ಸರಬರಾಜು ತಗ್ಗಿರುತ್ತದೆ. ಸ್ಕ್ಯಾನಿನಲ್ಲಿ ಕಾಣುವುದು ರಕ್ತಸ್ರಾವ, ಮೂಳೆ ಬಿರುಕು. ಈ ಒಳಗಿನ ಆಯವ್ಯಯದ ಏರುಪೇರಲ್ಲ. ಬಹುಮಂದಿಗೆ ಕೆಲವು ವಾರಗಳಲ್ಲಿ ವಾಸಿಯಾಗುತ್ತದೆ. ಕೆಲವರಿಗೆ ಮೂರು ತಿಂಗಳು ಮೀರುತ್ತದೆ. ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗಬೇಕೆಂಬ ಹಿಂದಿನ ಸಲಹೆಯನ್ನು ಈಗ ಬಿಟ್ಟಿದ್ದಾರೆ. 2022ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಸೇರಿದ ತಜ್ಞರು, ಒಂದೆರಡು ದಿನ ವಿಶ್ರಾಂತಿಯಂತಿದ್ದು ಬೇಗ ನಡೆದಾಡತೊಡಗುವುದೇ ಮೇಲೆಂದರು. ಇದನ್ನು ನನಗೆ ಆಸ್ಪತ್ರೆಯಲ್ಲಿ ಎರಡು ನಿಮಿಷ ಹೇಳಿದ್ದರೆ ನಾಲ್ಕು ತಿಂಗಳಲ್ಲಿ ಒಂದಾದರೂ ಉಳಿಯುತ್ತಿತ್ತು.

ಮೈಗ್ರೇನಿನ ಔಷಧಗಳ ಕಥೆಯನ್ನು ಬೇಗ ಮುಗಿಸಬಹುದು. ರೈ ಧಾನ್ಯಕ್ಕೆ ಹತ್ತುವ ವಿಷದ ಬೂಷ್ಟು ಎರ್ಗಟ್. ಅದರಿಂದ 1918ರಲ್ಲಿ ಸ್ವಿಟ್ಸರ್ಲೆಂಡಿನ ಸ್ಟೋಲ್ ಎರ್ಗಟಮಿನ್ ತೆಗೆದ. ಅದು ಕಪಾಲದ ರಕ್ತನಾಳದ ಮಿಡಿತವನ್ನೂ ನೋವನ್ನೂ ಒಟ್ಟಿಗೆ ತಗ್ಗಿಸುತ್ತದೆಂದು 1938ರಲ್ಲಿ ಗ್ರಹಾಂ ಮತ್ತು ಹೆರಾಲ್ಡ್ ವೂಲ್ಫ್ ಅಳೆದು ತೋರಿಸಿದರು. ಇದೇ ವೂಲ್ಫ್ ಅದಕ್ಕೆ ಒಂದು ವರ್ಷ ಮೊದಲು, ಮೈಗ್ರೇನಿನವರು ಮಹತ್ವಾಕಾಂಕ್ಷಿಗಳು, ಎಲ್ಲವೂ ಅಚ್ಚುಕಟ್ಟಾಗಿರಬೇಕೆಂಬ ಹಟದವರು ಎಂದು ಒಂದು ಸ್ವಭಾವಚಿತ್ರವನ್ನೂ ಬರೆದಿದ್ದ. ಅದು ಬಹುಕಾಲ ರೋಗಿಗಳ ಹಣೆಗೆ ಅಂಟಿಕೊಂಡಿತು. 1991ರಲ್ಲಿ ಸುಮಾಟ್ರಿಪ್ಟಾನ್ ಬಂತು. ನೋವಿನ ಸಮಯದಲ್ಲಿ ಮುಖದ ನರದ ತುದಿಗಳು ಸಿ.ಜಿ.ಆರ್.ಪಿ. ಎಂಬ ವಸ್ತುವನ್ನು ಚೆಲ್ಲುತ್ತವೆಂದು ತಿಳಿದು, ಅದನ್ನು ತಡೆಯುವ ಮದ್ದುಗಳು 2018ರಿಂದ ಬಂದವು. ಈ ದಾರಿ ತೋರಿದ ನಾಲ್ವರಿಗೆ 2021ರಲ್ಲಿ ಬ್ರೇನ್ ಪ್ರೈಜ್ ಎಂಬ ಡೆನ್ಮಾರ್ಕಿನ ಬಹುಮಾನ ಸಂದಿತು.

ನಮ್ಮಲ್ಲಿ ಈ ರೋಗ ಎಷ್ಟಿದೆ? ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಸಂಶೋಧಕರು ಬೆಂಗಳೂರು ನಗರದಲ್ಲೂ ಸುತ್ತಣ ಹಳ್ಳಿಗಳಲ್ಲೂ 18ರಿಂದ 65 ವರ್ಷದ 2,329 ಜನರನ್ನು ಮನೆಮನೆಗೆ ಹೋಗಿ ವಿಚಾರಿಸಿದರು. ವರ್ಷದಲ್ಲಿ ಒಮ್ಮೆಯಾದರೂ ತಲೆನೋವು ಬಂದವರು ನೂರಕ್ಕೆ 63.9, ಮೈಗ್ರೇನ್ ಇದ್ದವರು 25.2. ನಾಲ್ಕರಲ್ಲಿ ಒಬ್ಬರು! ಅದರಲ್ಲಿ ಹೆಂಗಸರೇ ಹೆಚ್ಚು. ಉಳಿದವರಲ್ಲಿ ಹೆಚ್ಚಿನವರದು ತಲೆಯ ಸುತ್ತ ಪಟ್ಟಿ ಬಿಗಿದಂತಹ ಸಾಮಾನ್ಯ ನೋವು. ಬೆಳಗಿನ ಕಾಫಿ ತಪ್ಪಿದ ದಿನ ನಮ್ಮವರಿಗೆ ಬರುವ ತಲೆನೋವೂ ನಿಜವಾದದ್ದೇ. ಕೆಫೀನ್ ನಿಂತ ಅರ್ಧ ದಿನ, ಒಂದು ದಿನದೊಳಗೆ ಅದು ಶುರುವಾಗುತ್ತದೆ. ಏಕಾದಶಿಯ ತಲೆನೋವಿಗೆ ಹಸಿವೆಯನ್ನು ದೂರುವವರು ಲೋಟವನ್ನೂ ಸ್ವಲ್ಪ ವಿಚಾರಿಸಬೇಕು. ಎಲ್ಲಕ್ಕಿಂತ ವಿಚಿತ್ರವಾದದ್ದು ಮಾತ್ರೆಯಿಂದಲೇ ಬರುವ ತಲೆನೋವು. ತಿಂಗಳಿಗೆ ಹತ್ತು ಹದಿನೈದು ದಿನ ನೋವಿನ ಮಾತ್ರೆ ನುಂಗುತ್ತ ಹೋದರೆ ಕೆಲವು ತಿಂಗಳಲ್ಲಿ ನೋವು ದಿನದ ನೆಂಟನಾಗಿಬಿಡುತ್ತದೆ. ಇವಾವುವೂ ಜೀವಕ್ಕೆ ಎರವಾಗುವಂಥವಲ್ಲ. ಆದರೆ ಸಿಡಿಲಿನಂತೆ ಒಂದೇ ನಿಮಿಷದಲ್ಲಿ ಏರಿದ ನೋವು, ಜ್ವರದೊಡನೆ ಕುತ್ತಿಗೆ ಸೆಟೆದ ನೋವು, ಮಾತು ತೊದಲಿ ಕೈಕಾಲು ಸೋತ ನೋವು, ಐವತ್ತರ ಮೇಲೆ ಹೊಸದಾಗಿ ಬಂದ ನೋವು, ಪೆಟ್ಟಿನ ನಂತರ ಪದೇಪದೇ ವಾಂತಿ, ತೂಕಡಿಕೆ: ಇವಕ್ಕೆ ಶುಂಠಿ ತೇಯುತ್ತ ಕೂಡಬಾರದು, ಆಸ್ಪತ್ರೆಗೆ ಓಡಬೇಕು.

ಮೈಗ್ರೇನನ್ನು ಕೆರಳಿಸುವ ಸಂಗತಿಗಳ ಪಟ್ಟಿಯನ್ನು ನೋಡುತ್ತಿದ್ದೆ: ಉಪವಾಸ, ನಿದ್ರೆಗೇಡು, ಬಿಸಿಲು, ಹೊಗೆ, ತೀಕ್ಷ್ಣವಾದ ವಾಸನೆ, ದಣಿವು. ಗೌರಿಹಬ್ಬದ ಹಿಂದಿನ ರಾತ್ರಿಯೆಲ್ಲ ಸೌದೆ ಒಲೆಯ ಮುಂದೆ ಕುಳಿತು, ಬೆಳಗಾದರೆ ಪೂಜೆ ಮುಗಿಯುವ ತನಕ ಹನಿ ನೀರೂ ಮುಟ್ಟದೆ ಇದ್ದ ಹೆಂಗಸಿಗೆ ಇದರಲ್ಲಿ ಒಂದಾದರೂ ತಪ್ಪಿತ್ತೆ? ಹಬ್ಬಕ್ಕೂ ತಲೆನೋವಿಗೂ ನಂಟಿದೆಯೆಂದು ಸೋದರತ್ತೆ ಕಂಡುಕೊಂಡದ್ದು ಸರಿಯೇ. ಅವರ ಲೆಕ್ಕ ಒಂದೇ ಮನೆಯಷ್ಟು ತಪ್ಪಿತ್ತು.

ಈ ನೋವು ವಂಶದಲ್ಲಿ ಇಳಿದುಬರುವುದುಂಟು. ನನ್ನ ತಂಗಿಯ ಮಗಳಿಗೆ ಬಂದಿದೆ. ಕಛೇರಿಯಲ್ಲಿ ರಜೆ ಕೇಳಿದಾಗ ಮೇಲಧಿಕಾರಿ “ಎಲ್ಲರಿಗೂ ತಲೆನೋವು ಬರುತ್ತದಮ್ಮ” ಎಂದರಂತೆ. ಕಳೆದ ತಿಂಗಳು ನಾನು ಆಕೆಗೆ ಹ್ಯೂಬರ್ಟ್ ಏರಿಯ ಚಿತ್ರದ ಪ್ರತಿಯನ್ನು ಕಳಿಸಿದೆ. ರಾತ್ರಿ ಫೋನ್ ಮಾಡಿದಳು. “ಮಾಮ, ಇದೇ! ಹೀಗೇ ಕಾಣೋದು. ಅವನಿಗೆ ಒಂದು ಕಡೆ ತೆರೆದಿದೆ, ನನಗೆ ಇನ್ನೊಂದು ಕಡೆ, ಅಷ್ಟೆ” ಎಂದಳು. ದನಿಯಲ್ಲಿ ಎಂಥ ಸಂತೋಷವೆಂದರೆ, ಕಳೆದುಹೋದ ನೆಂಟರ ಫೋಟೋ ಸಿಕ್ಕಿದಂತಿತ್ತು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು: “ಅಜ್ಜಿಗೂ ಹೀಗೇ ಕಾಣ್ತಿತ್ತಾ?”

ನನಗೆ ಗೊತ್ತಿರಲಿಲ್ಲ. ಉಗ್ರಾಣದ ಬಾಗಿಲು ತೆರೆದು ಹೊರಗೆ ಬಂದ ಮೇಲೆ ನಮ್ಮ ತಾಯಿ ನೇರವಾಗಿ ಒಲೆಯ ಮುಂದೆ ಹೋಗಿ ಕೂಡುತ್ತಿದ್ದರು. ಒಳಗೆ ಏನು ಕಂಡಿತೆಂದು ಮನೆಯಲ್ಲಿ ಯಾರೂ ಅವರನ್ನು ಕೇಳಿರಲಿಲ್ಲ.